ನಾಳೆಯಿಂದ ಅನಿರ್ದಿಷ್ಟ

ನಮ್ಮ ಬೇಲಿಯಾಚೆ ಇರುವವರು ನಿವೃತ್ತ ಗುಮಾಸ್ತರು. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ, ಐದೂ ಊರಿನ ಕಚೇರಿಗಳಲ್ಲಿ ಕಡತ ಕಟ್ಟಿ ಬಿಚ್ಚಿ ಬಂದವರು. ತಮ್ಮ ವರ್ಗಾವಣೆಯ ಪುರಾಣ ಎತ್ತಿದಾಗಲೆಲ್ಲ ನಾನು ಹರಪನಹಳ್ಳಿಯನ್ನು ಎದುರಿಗಿಡುತ್ತೇನೆ. "ನಿಮ್ಮದೇನು ಮಹಾ ಸಾರ್? ಆ ಊರನ್ನೇ 1997ರಾಗ ಬಳ್ಳಾರಿಯಿಂದ ದಾವಣಗೆರೆಗೆ ಹಾಕಿದ್ರು, 2018ರಾಗ ವಾಪಸ್ ಬಳ್ಳಾರಿಗೆ, 2021ರಾಗ ವಿಜಯನಗರಕ್ಕೆ. ಪಾಪ, ಒಂದು ಸಲಾನೂ ಟಿಎ ಬಿಲ್ ಹಾಕಲಿಲ್ಲ, ಮುಷ್ಕರದ ನೋಟಿಸೂ ಕೊಡಲಿಲ್ಲ."

"ಕೊಡಲಿಲ್ಲ ಅಂತೀರೇನ್ರಿ? 371(ಜೆ) ಮೀಸಲಾತಿ ಬೇಕು ಅಂತ ಎಷ್ಟು ಧರಣಿ ಕೂತ್ರು! ಕೂತಿದ್ದಕ್ಕೇ ಸಿಕ್ತು. ಕೂತ್ರೆ ಸಿಗತೈತಿ, ಅಷ್ಟೇ."

ಇದು ಅವರ ವೇದವಾಕ್ಯ. ನನಗೆ ಮಾತ್ರ ಅನುಮಾನ. ಕೂತವರಿಗೆಲ್ಲ ಸಿಕ್ಕಿದ್ದರೆ ಬೆಂಗಳೂರಿನ ಫ್ರೀಡಂ ಪಾರ್ಕಿನ ತುಂಬ ಲಕ್ಷಾಧೀಶರಿರಬೇಕಿತ್ತು.

2023ರ ಮಾರ್ಚ್ 1 ನೆನಪು ಮಾಡಿಕೊಳ್ಳಿ. ಷಡಾಕ್ಷರಿಯವರು ಅಧ್ಯಕ್ಷರಾಗಿದ್ದ ರಾಜ್ಯ ಸರ್ಕಾರಿ ನೌಕರರ ಸಂಘ ಅನಿರ್ದಿಷ್ಟಾವಧಿ ಮುಷ್ಕರ ಅಂತ ಸಾರಿತ್ತು. ಕೇಳಿದ್ದು ಶೇ 40 ಮಧ್ಯಂತರ ಪರಿಹಾರ, ಜೊತೆಗೆ ಹಳೇ ಪಿಂಚಣಿ. ಶಾಲೆ, ಕಚೇರಿಗೆ ಬೀಗ ಬಿತ್ತು. ಅವತ್ತೇ ಬೊಮ್ಮಾಯಿಯವರ ಸರ್ಕಾರ ಶೇ 17ರ ಆದೇಶ ಹೊರಡಿಸಿತು, ಅನಿರ್ದಿಷ್ಟ ಅವಧಿ ಒಂದೇ ದಿನದಲ್ಲಿ ಮುಗಿದುಹೋಯಿತು. ಪಿಂಚಣಿಯ ಬೇಡಿಕೆ ಸಮಿತಿಯ ಪಾಲಾಯಿತು.

ಮರುವರ್ಷ ಅಷ್ಟೂ ಬೇಕಾಗಲಿಲ್ಲ. ಸುಧಾಕರ ರಾವ್ ಅವರ ಏಳನೇ ವೇತನ ಆಯೋಗ 2024ರ ಮಾರ್ಚ್‌ನಲ್ಲೇ ಶೇ 27.5 ಹೆಚ್ಚಿಸಿ ಅಂತ ವರದಿ ಕೊಟ್ಟಿತ್ತು. ಜುಲೈ 29ರಿಂದ ಕೆಲಸ ಬಂದ್ ಅಂತ ಸಂಘ ಗುಡುಗಿತು. ಜುಲೈ 15ಕ್ಕೇ ಸಿದ್ದರಾಮಯ್ಯನವರ ಸಂಪುಟ ಒಪ್ಪಿ, ಆಗಸ್ಟ್ 1ರಿಂದ ಜಾರಿ ಅಂದಿತು. ಮೂಲ ವೇತನದ ಕನಿಷ್ಠ 17,000ದಿಂದ 27,000ಕ್ಕೆ ಏರಿತು. ಇದಕ್ಕಾಗಿ ಒಂದು ಪೆನ್ನೂ ಕೆಳಗಿಡಬೇಕಾಗಲಿಲ್ಲ.

"ನೋಡ್ರಿ ಮತ್ತೆ!" ಅಂದರು ಗುಮಾಸ್ತರು.

"ನೋಡ್ದೆ ಸಾರ್. ಆದ್ರ ಇಲ್ಲಿ ಯಾರೂ ಕೂತಿಲ್ಲ, ಕೂಡ್ತೀವಿ ಅಂದಾರ, ಅಷ್ಟೇ."

ನಮ್ಮ ಹಡಗಲಿ ತಾಲ್ಲೂಕಿನ ಮೈಲಾರದಲ್ಲಿ ಭರತ ಹುಣ್ಣಿಮೆ ಜಾತ್ರೆಯಲ್ಲಿ ಕಾರಣಿಕ ಆಗುತ್ತದಲ್ಲ, ಗೊರವಯ್ಯ ಬಿಲ್ಲನ್ನೇರಿ "ಸದ್ದಲೇ" ಅಂದರೆ ನೆರೆದವರೆಲ್ಲ ಉಸಿರು ಬಿಗಿ ಹಿಡಿಯುತ್ತಾರೆ. ಒಂದು ಸಾಲು ನುಡಿದು ಕೆಳಗೆ ಬಿದ್ದ ಮೇಲೆ ಮಳೆಗೆ ಒಬ್ಬರು, ರಾಜಕೀಯಕ್ಕೆ ಒಬ್ಬರು ಅರ್ಥ ಹಚ್ಚುತ್ತ ಊರ ದಾರಿ ಹಿಡಿಯುತ್ತಾರೆ. ಮುಷ್ಕರದ ನೋಟಿಸೂ ಇದೇ ಜಾತಿಯದು. ಬಿಲ್ಲಿನ ಮೇಲಿರುವ ತನಕವೇ ಅದಕ್ಕೆ ಬೆಲೆ.

ಬಿದ್ದ ಮೇಲಿನ ಪಾಡು ಸಾರಿಗೆಯವರನ್ನು ಕೇಳಬೇಕು. 2021ರ ಏಪ್ರಿಲ್ 7ರಿಂದ 21ರ ತನಕ, ಹದಿನೈದು ದಿನ ಬಸ್ಸು ನಿಲ್ಲಿಸಿದರು. ಆರನೇ ವೇತನ ಆಯೋಗದ ಸಂಬಳ ನಮಗೂ ಕೊಡಿ ಅನ್ನುವುದೊಂದೇ ಪಟ್ಟು. ಸರ್ಕಾರ ಖಾಸಗಿ ಬಸ್ಸುಗಳನ್ನು ನಿಲ್ದಾಣದ ಒಳಗೇ ಬಿಟ್ಟಿತು. ಸಾವಿರಾರು ಮಂದಿಗೆ ವಜಾ, ಅಮಾನತು, ವರ್ಗಾವಣೆ. ಕೊನೆಗೆ ಹೈಕೋರ್ಟಿನ ಮಾತು, ಕೊರೊನಾದ ಎರಡನೇ ಅಲೆ ಎರಡೂ ಸೇರಿ ಬಸ್ಸು ಹೊರಟವು. ಕೇಳಿದ ಸಂಬಳ ಹತ್ತಲಿಲ್ಲ. 2025ರ ಆಗಸ್ಟ್ 5ರಂದು 38 ತಿಂಗಳ ಹಿಂಬಾಕಿಗಾಗಿ ಮತ್ತೆ ನಿಲ್ಲಿಸಿದರು. ಹೈಕೋರ್ಟ್ ಗದರಿಸಿತು, ಅದು ಒಂದು ದಿನವನ್ನೂ ದಾಟಲಿಲ್ಲ.

ಕೂತು ಕಳೆದುಕೊಂಡವರು ಇವರು. ಕೂಡ್ತೀವಿ ಅಂದು ಗೆದ್ದವರು ಸರ್ಕಾರಿ ನೌಕರರು. ವ್ಯತ್ಯಾಸ ಛಲದಲ್ಲಿಲ್ಲ, ಕ್ಯಾಲೆಂಡರಿನಲ್ಲಿದೆ. 2023ರ ಮೇ 10ಕ್ಕೆ ವಿಧಾನಸಭೆಗೆ ಮತದಾನ. ಮತಗಟ್ಟೆಯಲ್ಲಿ ಬೆರಳಿಗೆ ಶಾಯಿ ಹಚ್ಚುವವರು ಯಾರು? ಮೇಷ್ಟ್ರು, ಗುಮಾಸ್ತರು. ಮಾರ್ಚ್‌ನಲ್ಲಿ ಅವರನ್ನು ಎದುರು ಹಾಕಿಕೊಳ್ಳುವ ಧೈರ್ಯ ಯಾವ ಮುಖ್ಯಮಂತ್ರಿಗಿದ್ದೀತು? ಬಸ್ಸು ನಿಂತರೆ ಬೇರೆ ಬಸ್ಸು ತರಬಹುದು. ಚುನಾವಣೆ ಹತ್ತಿರ ಬಂದಾಗ ಬೇರೆ ಮೇಷ್ಟ್ರನ್ನು ಎಲ್ಲಿಂದ ತರುತ್ತಾರೆ?

ಕಾನೂನಿನ ಮಾತು ಕೇಳಿದರೆ ಇದಕ್ಕೆಲ್ಲ ಬುಡವೇ ಇಲ್ಲ. 2003ರಲ್ಲಿ ತಮಿಳುನಾಡಿನಲ್ಲಿ ಜಯಲಲಿತಾ ಸರ್ಕಾರ ಲಕ್ಷಕ್ಕೂ ಹೆಚ್ಚು ನೌಕರರನ್ನು ಒಂದೇ ಏಟಿಗೆ ಮನೆಗೆ ಕಳಿಸಿತ್ತು. ಆ ಪ್ರಕರಣದಲ್ಲೇ ಸುಪ್ರೀಂ ಕೋರ್ಟ್, ಸರ್ಕಾರಿ ನೌಕರರಿಗೆ ಮುಷ್ಕರ ಹೂಡುವ ಹಕ್ಕು ಇಲ್ಲವೇ ಇಲ್ಲ, ನೈತಿಕವಾಗಿಯೂ ಇಲ್ಲ ಅಂದುಬಿಟ್ಟಿತು. ಅದೇ ಕೋರ್ಟಿನ ಸಲಹೆಯಂತೆ ಹೆಚ್ಚಿನವರು ವಾಪಸ್ ಕೆಲಸಕ್ಕೆ ಬಂದರು. ಹಕ್ಕಿಲ್ಲ ಅಂದ ಮೇಲೂ ನೋಟಿಸು ಕೊಡುತ್ತಾರೆ, ಹಕ್ಕಿಲ್ಲ ಅಂತ ಗೊತ್ತಿದ್ದೂ ಸರ್ಕಾರ ಮಾತಿಗೆ ಕರೆಯುತ್ತದೆ.

ಮಾತಿಗೂ ಕರೆಯದವರಿದ್ದಾರೆ. 2016ರ ಜೂನ್ 4ರಂದು ರಾಜ್ಯದ ಪೊಲೀಸರು ಸಂಬಳ, ರಜೆಗಾಗಿ ಸಾಮೂಹಿಕ ರಜೆ ಹಾಕುತ್ತಾರಂತೆ ಅಂತ ಸುದ್ದಿಯಾಗಿತ್ತು. ಪೊಲೀಸರಿಗೆ ಸಂಘ ಕಟ್ಟುವುದಕ್ಕೇ 1966ರ ಕಾಯ್ದೆಯ ಅಡ್ಡಿ. ಸರ್ಕಾರ ಮುಷ್ಕರ ತಡೆಯುವ ಎಸ್ಮಾ ಹಾಕಿತು, ಕರೆ ಕೊಟ್ಟ ಶಶಿಧರ್ ಅವರನ್ನು ರಾಜದ್ರೋಹದ ಮೊಕದ್ದಮೆಯಲ್ಲಿ ಬಂಧಿಸಿತು. ಅವತ್ತು ಠಾಣೆಗಳೆಲ್ಲ ಎಂದಿನಂತೆ ನಡೆದವು.

ಅದೇ ದಿನ ನಮ್ಮ ಕೂಡ್ಲಿಗಿಯಲ್ಲಿ ಡಿವೈಎಸ್‌ಪಿ ಅನುಪಮಾ ಶೆಣೈ ರಾಜೀನಾಮೆ ಕೊಟ್ಟರು! ಜನವರಿಯಲ್ಲಿ ಅವರನ್ನು ಇಂಡಿಗೆ ಎತ್ತಿಹಾಕಿದ್ದರು. ಹಡಗಲಿಯ ಶಾಸಕರೂ ಆಗಿದ್ದ ಸಚಿವರ ಫೋನನ್ನು ಹೋಲ್ಡಿನಲ್ಲಿಟ್ಟಿದ್ದಕ್ಕೆ ಅಂತ ಪತ್ರಿಕೆಗಳ ತುಂಬ ಸುದ್ದಿ. ಆ ಸಚಿವರ ಖಾತೆ ಯಾವುದು ಅಂತೀರಿ? ಕಾರ್ಮಿಕ! ಜನ ಬೀದಿಗಿಳಿದ ಮೇಲೆ ಅನುಪಮಾ ವಾಪಸ್ ಬಂದರು, ಜೂನ್‌ನಲ್ಲಿ ತಾವೇ ಹೊರಟುಹೋದರು. ಸಂಘವಿಲ್ಲದ ನೌಕರಿಯಲ್ಲಿ ಒಬ್ಬರ ಮುಷ್ಕರ ಅಂದರೆ ರಾಜೀನಾಮೆಯೇ.

"ಈಗ ನಿಮ್ಮ ಕತಿ ಹೇಳ್ರಿ ಸಾರ್" ಅಂತ ಕೆಣಕಿದೆ. ಗುಮಾಸ್ತರ ಮುಖ ಸಣ್ಣಗಾಯಿತು. ಅವರು ನಿವೃತ್ತರಾದದ್ದು 2022ರ ಜುಲೈ ಮತ್ತು 2024ರ ಜುಲೈ ನಡುವೆ. ಹೊಸ ವೇತನ ಲೆಕ್ಕಕ್ಕೆ ಹಿಡಿದದ್ದು 2022ರ ಜುಲೈನಿಂದ, ದುಡ್ಡು ಕೈಗೆ ಬಂದದ್ದು 2024ರ ಆಗಸ್ಟ್‌ನಿಂದ. ಮಧ್ಯದಲ್ಲಿ ಮನೆಗೆ ಹೋದವರಿಗೆ ಗ್ರಾಚ್ಯುಟಿ, ಗಳಿಕೆ ರಜೆಯ ದುಡ್ಡು ಎಲ್ಲ ಹಳೇ ಲೆಕ್ಕದಲ್ಲೇ ಸಂದಿತ್ತು. ಅದಕ್ಕೇ ಇವರಂಥವರು ಅಲ್ಲಲ್ಲಿ ಧರಣಿ ಕೂತರು.

"ನಾಳೆಯಿಂದ ಅನಿರ್ದಿಷ್ಟ ಅಂತ ನೋಟಿಸ್ ಕೊಡ್ರಲ್ಲ."

"ಕೊಟ್ಟು ನಿಲ್ಲಸೋದು ಏನನ್ನ? ಬೆಳಗ್ಗೆ ವಾಕಿಂಗಾ?"

ಅಷ್ಟರಲ್ಲಿ ಆಶಾ ಕಾರ್ಯಕರ್ತೆ ಅಕ್ಕ ಅದೇ ದಾರಿಯಲ್ಲಿ ಬಂದಳು. 2025ರ ಜನವರಿಯಲ್ಲಿ ಫ್ರೀಡಂ ಪಾರ್ಕಿನಲ್ಲಿ ಜೊತೆಯವರೊಂದಿಗೆ ಹಗಲು ರಾತ್ರಿ ಕೂತು, ತಿಂಗಳಿಗೆ 15,000 ಕೇಳಿ, 10,000ದ ಭರವಸೆ ತಂದವಳು. ನಿಂತು ಎಲ್ಲ ಕೇಳಿಸಿಕೊಂಡಳು.

"ಯಕ್ಕಾ, ಮುಂದಿನ ಸಲ ನಿಮ್ಮ ಧರಣಿಗೆ ನಾನೂ ಬರ್ಲೇನು?" ಅಂದರು ಗುಮಾಸ್ತರು.

"ಬರ್ರಿ ಸಾರ್. ನೀವು ಕುರ್ಚಿ ಮ್ಯಾಲಿದ್ದಾಗ ನಿಮ್ಮ ಸಂಘದ ಬೇಡಿಕಿ ಪಟ್ಟಿಯಾಗ ನಮ್ಮ ಹೆಸರು ಎಷ್ಟನೇ ನಂಬರಿಗಿತ್ತು, ಅದೊಂದು ಹೇಳಿ ಬರ್ರಿ" ಅಂದಳು. ಇವರು ತಡವರಿಸುವುದನ್ನು ನೋಡಿ ನಕ್ಕು, "ಹೋಗ್ಲಿ ಬಿಡ್ರಿ, ರಾತ್ರಿ ಚಳಿ ಭಾಳ, ಕೌದಿ ಮಾತ್ರ ನೀವೇ ತರ್ರಿ" ಅಂತ ಮುಂದಕ್ಕೆ ಹೋದಳು.