ಸಾಹಿತ್ಯ: ರೊನಾಲ್ಡ್ ರೇಗನ್

ಸನ್ಮಾನ್ಯ ರೊನಾಲ್ಡ್ ರೇಗನ್ ಅವರಿಗೆ,

ತಾವೀಗ ಇರುವಲ್ಲಿಗೆ ಅಂಚೆ ಹೋಗುವುದಿಲ್ಲ, ಗೊತ್ತು. ಆದರೆ ಗೀತರಚನೆಕಾರರಾಗಿ ತಮಗೆ ಸಲ್ಲಬೇಕಾದ ಅಭಿನಂದನೆಯೊಂದು ಬಾಕಿ ಉಳಿದಿದೆ.

ನಮ್ಮೂರ ಗಣೇಶನ ಪೆಂಡಾಲಿನಲ್ಲಿ ಮೈಕ್ ಪರೀಕ್ಷಿಸುವ ಹುಡುಗ ‘ಹಲೋ ಹಲೋ, ಒನ್ ಟೂ ತ್ರೀ’ ಎಂದು ಸುಮ್ಮನಾಗುತ್ತಾನೆ. ಕಲ್ಪನೆ ಸಾಲದು. 1984ರ ಆಗಸ್ಟ್ 11ರಂದು ಕ್ಯಾಲಿಫೋರ್ನಿಯಾದ ತಮ್ಮ ತೋಟದ ಮನೆಯಲ್ಲಿ, ವಾರದ ರೇಡಿಯೋ ಭಾಷಣಕ್ಕೆ ಮೊದಲು, ಅಮೆರಿಕದ ಅಧ್ಯಕ್ಷರಾಗಿದ್ದ ತಾವೂ ಮೈಕ್ ಪರೀಕ್ಷಿಸಿದಿರಿ: ರಷ್ಯಾವನ್ನು ಶಾಶ್ವತವಾಗಿ ನಿಷೇಧಿಸುವ ಕಾನೂನಿಗೆ ಸಹಿ ಹಾಕಿದ್ದೇನೆ, ಇನ್ನೈದು ನಿಮಿಷಕ್ಕೆ ಬಾಂಬ್ ದಾಳಿ ಶುರು! ಇಡೀ ದೇಶವೊಂದನ್ನು ರುಜು ಹಾಕಿ ರದ್ದು ಮಾಡುವುದು ನಮ್ಮ ತಾಲ್ಲೂಕು ಕಚೇರಿಗೂ ಹೊಳೆದಿರಲಿಲ್ಲ. ಮಾತು ಪ್ರಸಾರವಾಗಲಿಲ್ಲ, ಟೇಪಿನಲ್ಲಿ ಉಳಿಯಿತು. ಸುದ್ದಿ ಹೊರಬಿತ್ತು, ಮಾಸ್ಕೋ ಕೆರಳಿತು.

ಅದೇ ವರ್ಷ ‘ಟಾಕಿಂಗ್ ಹೆಡ್ಸ್’ ರಾಕ್ ತಂಡದ ಜೆರ್ರಿ ಹ್ಯಾರಿಸನ್, ಬೇಸ್ ಗಿಟಾರ್ ವಾದಕ ಬೂಟ್ಸಿ ಕಾಲಿನ್ಸ್ ಜೊತೆ ಸೇರಿ ಆ ಮಾತನ್ನೇ ‘ಫೈವ್ ಮಿನಿಟ್ಸ್’ ಎಂಬ ಹಾಡಾಗಿಸಿದರು. ಇದಕ್ಕಾಗಿ ಅವರು ಇಟ್ಟುಕೊಂಡ ಹೆಸರು ‘ಬೊನ್ಜೊ ಗೋಸ್ ಟು ವಾಷಿಂಗ್ಟನ್’. 1951ರ ಚಿತ್ರವೊಂದರಲ್ಲಿ ತಮ್ಮ ಜೊತೆಗಿದ್ದ ಚಿಂಪಾಂಜಿ ಪಾತ್ರದ ಹೆಸರು ಬೊನ್ಜೊ, ಮರೆತಿರಲಾರಿರಿ. ತಮ್ಮ ದನಿಯನ್ನು ಚೂರು ಚೂರಾಗಿ ಕತ್ತರಿಸಿ ಡ್ರಮ್ಮಿನ ಏಟಿಗೆ ಕೂರಿಸಿದರು. ಅರಳು ಹುರಿದಂತೆ ಮಾತಾಡುತ್ತಿದ್ದ ತಾವು ಒಂದೇ ಪದಕ್ಕೆ ಸಿಕ್ಕಿಕೊಂಡು ತೊದಲಿದಿರಿ. ಜನ ಅದಕ್ಕೆ ಕುಣಿಯಬಹುದಿತ್ತು!

ಬೇರೆಯವರ ದನಿಗೆ ಕತ್ತರಿ ಹಾಕುವುದು ಮೋಸವಲ್ಲವೇ ಎಂದು ಮಡಿವಂತರು ಕೇಳಿಯಾರು. ತಾವು ಕೇಳಲಾರಿರಿ. 1930ರ ದಶಕದಲ್ಲಿ ಡೆ ಮೊಯಿನ್ ನಗರದ ರೇಡಿಯೋದಲ್ಲಿ ಕೂತು, ಕಣ್ಣಾರೆ ಕಾಣದ ಬೇಸ್‌ಬಾಲ್ ಪಂದ್ಯವನ್ನು ತಂತಿಯಲ್ಲಿ ಬಂದ ಚೀಟಿ ನೋಡಿಕೊಂಡೇ ವರ್ಣಿಸುತ್ತಿದ್ದವರು ತಾವು. ಒಮ್ಮೆ ತಂತಿ ಕೆಟ್ಟಾಗ, ದಾಂಡಿಗನಿಂದ ಚೆಂಡನ್ನು ಫೌಲ್ ಗೆರೆಯಾಚೆಗೆ ಹೊಡೆಸುತ್ತ, ಹೊಡೆಸುತ್ತ, ಆರೇಳು ನಿಮಿಷ ತಳ್ಳಿದ್ದನ್ನು ತಾವೇ ಹೆಮ್ಮೆಯಿಂದ ಹೇಳಿಕೊಂಡಿದ್ದೀರಿ. ಇಲ್ಲದ ಆಟವನ್ನು ತಾವು ಕೇಳಿಸಿದಿರಿ. ಈ ಹುಡುಗರು ಇದ್ದ ಮಾತನ್ನೇ ಮತ್ತೆ ಕೇಳಿಸಿದರು. ಯಾರು ಹೆಚ್ಚು ಪ್ರಾಮಾಣಿಕರು?

ಹಾಡಿನ ಈ ಪ್ರತಿಭಟನೆಯ ಫಲವನ್ನೂ ಹೇಳಿಬಿಡುತ್ತೇನೆ. ಅದೇ 1984ರ ನವೆಂಬರ್ 6ರ ಅಧ್ಯಕ್ಷೀಯ ಚುನಾವಣೆಯಲ್ಲಿ 50 ರಾಜ್ಯಗಳ ಪೈಕಿ 49 ತಮ್ಮ ಪಾಲಾದವು. ಕೈತಪ್ಪಿದ ರಾಜ್ಯ ಮಿನೆಸೋಟಾ ಒಂದೇ, ಅದೂ ಎದುರಾಳಿ ಮಾಂಡೇಲರ ತವರು.

ಇಂತಿ,
ತಮ್ಮ ಹಾಡಿನ ಒಬ್ಬ ಕೇಳುಗ