ಬಂತೇನೋ?... ಹೋತ್ರೀ!

ಅಲ್ರೀ, ಖರೇ ಹೇಳ್ರಿ. ಡಿಶ್ ಕೂಡಸೂ ಹುಡುಗಗ ರೊಕ್ಕಾ ಯಾಕ ಕೊಡಬೇಕು ಅಂತ ನೀವ ಪಾನಾ ಹಿಡಕೊಂಡು ಮಾಳಗಿ ಹತ್ತಿದ್ರೋ ಇಲ್ಲೋ? ಸುಳ್ಳು ಹೇಳಬ್ಯಾಡ್ರಿ. (ಇಡೀ ಓಣಿ ನೋಡೇತಿ. ಲುಂಗಿ ಎತ್ತಿ ಕಟ್ಟಿದ್ದೂ ನೋಡೇತಿ.)

ಮ್ಯಾಲ ನೀವು. ಟಿವಿ ಮುಂದ ನಿಮ್ಮ ಮನಿಯವರು. ನಡುವ ನಿಚ್ಚಣಿಕಿ ಮ್ಯಾಲ ಮಗಾ, ಬಾಗಲದಾಗ ನಿಮ್ಮವ್ವ. "ಬಂತೇನೋ?" ಅಂತ ನೀವು ಒದರಿದ್ದು ಮಗನ್ನ ದಾಟಿ, ಅವ್ವನ್ನ ದಾಟಿ ಒಳಗ ಹೋಗಿ, "ಬಂತು, ಬಂತು" ಅನ್ನೂದು ತಿರಗಿ ಮ್ಯಾಲ ಬರೂದರಾಗ ನೀವು ಡಿಶ್ ಮತ್ತೊಂದು ಬೊಟ್ಟು ತಿರುವಿರ್ತೀರಿ. "ಹೋತ್ರೀ!"

36,000 ಕಿಲೋಮೀಟರ್ ಮ್ಯಾಲಿಂದ ಸಿಗ್ನಲ್ ಬರಾಕ ಕಾಲು ಸೆಕೆಂಡೂ ಬ್ಯಾಡ. ನಿಮ್ಮ ಮಾಳಗಿಯಿಂದ ಪಡಸಾಲಿಗೆ ಮಾತು ಇಳಿಯಾಕ ಒಂದು ಚಾ ಕುಡಿಯೋವಷ್ಟು ಹೊತ್ತು. ಬನಹಟ್ಟ್ಯಾಗಂತೂ ಬಾಜೂಕ ಪಾವರ್‌ಲೂಮ್ ಖಟಾಖಟ್ ಅಂತಿರತಾವು, "ಬಂತು" ಯಾವುದು, "ಹೋತು" ಯಾವುದು, ಆ ಮಗ್ಗಕ್ಕ ಗೊತ್ತು.

ದಿಕ್ಕರ ಗೊತ್ತಿತ್ತೇನ್ರಿ? ಫ್ರೀ ಡಿಶ್ಶಿಗೆ (2004ರಾಗ ಶುರುವಾತು, ತಿಂಗಳಾ ರೊಕ್ಕಾ ಕಟ್ಟೂದಿಲ್ಲ, ಅದಕ್ಕ ನಿಮಗ ಅದರ ಮ್ಯಾಲ ಅಷ್ಟು ಪ್ರೀತಿ) ಕಾರ್ಯಕ್ರಮ ಕಳಸೋ ಉಪಗ್ರಹ ಇರೂದು ಭೂಮಧ್ಯರೇಖೆ ಮ್ಯಾಲ, 93.5 ಡಿಗ್ರಿ ಪೂರ್ವಕ್ಕ. ನಮ್ಮ ಜಮಖಂಡಿ, ಮುಧೋಳ 75ರ ಆಸುಪಾಸು. ಅಂದಮ್ಯಾಗ ಡಿಶ್ ಮಾರಿ ಆಗ್ನೇಯಕ್ಕ. ಒಲಿ ಆಗ್ನೇಯಕ್ಕಿಲ್ಲ ಅಂತ ಅಡಗಿ ಮನಿ ಗ್ವಾಡಿ ಒಡಿಸಿದವರು ನೀವು, ಡಿಶ್ ಮಾತ್ರ ಬಾಜೂಮನಿದು ನೋಡಿ ಕೂಡಸ್ತೀರಿ. ಅವರದು ಬ್ಯಾರೆ ಕಂಪನಿ, ಬ್ಯಾರೆ ಉಪಗ್ರಹ ಅನ್ನೂದು ಯಾರಿಗೆ ನೆನಪು?

ಈ ಹುಚ್ಚು ನಮ್ಮ ಸೀಮಿಗೆ ಹೊಸಾದೇನಲ್ಲ ಬಿಡ್ರಿ. 1975ರ ಆಗಸ್ಟ್ 1ಕ್ಕ 'ಸೈಟ್' ಅನ್ನೋ ಪ್ರಯೋಗ ಶುರುವಾತು. 6 ರಾಜ್ಯದ ಸುಮಾರು 2,400 ಹಳ್ಳಿಗೆ ಸೀದಾ ಉಪಗ್ರಹದಿಂದ ಟಿವಿ. ಕರ್ನಾಟಕದಾಗ ವಿಜಾಪುರ, ಗುಲಬರ್ಗಾ, ರಾಯಚೂರು ಜಿಲ್ಲಾ ಆರಿಸಿದ್ರು. (ಬಾಗಲಕೋಟಿ ಜಿಲ್ಲಾ ಆಗಿದ್ದು 1997ರಾಗ, ಅಲ್ಲೀತನಕ ನಾವೂ ವಿಜಾಪುರದವರ.) ಕೋಳಿ ಗೂಡಿಗೆ ಬಡಿಯೋ ಜಾಳಗಿಲೆ ಮಾಡಿದ 10 ಅಡಿ ಅಗಲದ ಛತ್ರಿ. ಅದರ ಮಾರಿ ಪಡುವಣ ಕಡೆ, ಯಾಕಂದ್ರ ಅಮೆರಿಕಾದ ಎಟಿಎಸ್-6 ಅನ್ನೋ ಆ ಉಪಗ್ರಹ ಆಗ ನಿಂತಿದ್ದು ಆಫ್ರಿಕಾದ ನೆತ್ತಿ ಮ್ಯಾಲ. ವರ್ಷ ತುಂಬಿತು, ಉಪಗ್ರಹ ವಾಪಸ್ ಒಯ್ದರು. (ಕೊಟ್ಟ ನಿಚ್ಚಣಿಕಿ ತಿರಗಿ ಕೇಳೋ ಬಾಜೂಮನಿಯವರಂಗ.)

ಇನ್ನ ನಿಮ್ಮ ದೊಡ್ಡ ಸಂಭ್ರಮಕ್ಕ ಬರೂಣು. ಟಿವ್ಯಾಗ ಎರಡು ಪಟ್ಟಿ ಬರತಾವು, ಒಂದು ಸ್ಟ್ರೆಂಥ್, ಇನ್ನೊಂದು ಕ್ವಾಲಿಟಿ. ಸ್ಟ್ರೆಂಥ್ 80 ಅಂದಕೂಡ್ಲೆ ಮ್ಯಾಲಿಂದ ಕುಣಕೋತ ಇಳದ್ರಿ, ಹೌದಿಲ್ಲೋ? ಕ್ವಾಲಿಟಿ ಸೊನ್ನಿ ಇತ್ತು! ಡಿಶ್ ಗ್ವಾಡಿ ಕಡೆ ಮಾರಿ ಮಾಡಿ ಕುಂತರೂ ಸ್ಟ್ರೆಂಥ್ ತೋರಸ್ತೈತಿ. (ಚುನಾವಣಿಗೆ ನಿಂತವರ ಹೆಸರು ನಾ ಇಲ್ಲಿ ಹೇಳೂದಿಲ್ಲ.)

ಕೇಬಲ್ ಸುಲಿದ್ರಲ್ಲ, ಅದೂ ಹಲ್ಲೀಲೆ. ನಡುವಿನ ತಾಮ್ರದ ತಂತಿಗೆ ಮ್ಯಾಲಿನ ಜಾಳಗಿಯ ಕೂದಲೆಳಿಯಷ್ಟು ತಂತಿ ತಾಗಿದ್ರೂ ಶಾರ್ಟ್. ಆ ಒಂದೆಳಿ ಸಲುವಾಗಿ ನೀವು ಬಾಕ್ಸ್ ಬೈದ್ರಿ, ಮಗನ್ನ ಬೈದ್ರಿ, ಕಡಿಗೆ ಇಸ್ರೋದವರನ್ನೂ ಬಿಡಲಿಲ್ಲ.

ಮತ್ತ ಮಳಿ ಬಂದಾಗ? ಹನಿ ದಪ್ಪ ಆದಷ್ಟು ಉಪಗ್ರಹದ ತರಂಗ ನುಂಗಿಬಿಡತಾವು, ಮಳಿ ನಿಂತರ ಚಿತ್ರ ತಾನ ಬರತೈತಿ. ಬೀಳಗಿ ಕಡೆ ಮಾಡ ಕಪ್ಪಾಗೂದರಾಗ ನೀವು ಕೊಡಿ ಹಿಡಕೊಂಡು ಮ್ಯಾಲ! ಸರಿಯಿದ್ದ ಡಿಶ್ಶಿಗೆ ಎರಡು ಗುದ್ದಿ, ದಿಕ್ಕು ಕೆಡಿಸಿ ಇಳೀತೀರಿ. ಮರುದಿನ ಬಿಸಲು ಬಿದ್ದರೂ "ನೋ ಸಿಗ್ನಲ್".

ಮುಂದಿನ ಸಲ ಹತ್ತೂಕಿಂತ ಮೊದಲ ಒಂದು ಫೋನ್ ಟಿವಿ ಮುಂದ ಕುಂತವರ ಕೈಯಾಗ ಕೊಡ್ರಿ, ಅವ್ವನ ಗಂಟಲಾದ್ರೂ ಉಳೀತೈತಿ. ಮತ್ತ ಆ ಪಾನಾ ಕಾಕಾಗ ತಿರಗಿ ಕೊಟ್ಟಬಿಡ್ರಿ. ಹ್ವಾದ ದೀಪಾವಳಿಗೆ ಇಸಗೊಂಡಿದ್ದದು.