ತ್ರುಟಿತ ದ್ವಿಚಕ್ರವೊಂದರ ಪಾಠಸಂಪಾದನೆ

ತಾಳೆಗರಿಯ ಬಗ್ಗೆ ಗ್ರಂಥಸಂಪಾದಕರು ಹೇಳಿದ್ದೆಲ್ಲ ಸೈಕಲ್ಲಿಗೂ ಸಲ್ಲುತ್ತದೆ ಎಂಬುದು ಈ ಪ್ರಬಂಧದ ಪ್ರತಿಜ್ಞೆ. ಪ್ರಸ್ತುತ ಪ್ರತಿ ದೊರೆತದ್ದು ಮಡಿಕೇರಿ ಸಮೀಪದ ಕಾಫಿ ತೋಟವೊಂದರ ಗೊಬ್ಬರದ ಶೆಡ್ಡಿನಲ್ಲಿ. ಓಲೆಗೆ ಗೆದ್ದಲು ಹೇಗೋ ಕಬ್ಬಿಣಕ್ಕೆ ಕೊಡಗಿನ ಮಳೆ ಹಾಗೆ. “ಎಂಟುನೂರು ಕೊಡಿ ಸಾರ್, ಇಲ್ಲಾಂದ್ರೆ ನಾಳೆ ಗುಜರಿಯವನು ಬರ್ತಾನೆ” ಎಂದರು ತೋಟದ ರೈಟರು. ಪ್ರತಿಯ ಪ್ರಾಚೀನತೆಯಲ್ಲಿ ನನಗಿದ್ದ ಸಂದೇಹ ಅಲ್ಲಿಗೆ ನಿವಾರಣೆಯಾಯಿತು.

ಬಿ. ಎಲ್. ರೈಸರು 1886ರಲ್ಲಿ ಕೊಡಗಿನ ಶಾಸನಗಳನ್ನು ‘ಎಪಿಗ್ರಾಫಿಯ ಕರ್ನಾಟಿಕ’ದ ಮೊದಲ ಸಂಪುಟವಾಗಿ ಹೊರತಂದರಷ್ಟೆ. ಅದರಲ್ಲಿ ಈ ಫ್ರೇಮಿನ ಮೇಲಣ ಬರಹ ಸೇರಿಲ್ಲ. ಸ್ಟಿಕ್ಕರಿನ ಮೊದಲಕ್ಷರ ಉದುರಿಹೋಗಿ ‘-ೇಂಜರ್’ ಎಂಬಷ್ಟೇ ಉಳಿದಿದೆ. ಸಂಪ್ರದಾಯಸ್ಥರು ‘ರೇಂಜರ್’ ಎಂದು ಓದುತ್ತಾರೆ. ಇಳಿಜಾರಿನಲ್ಲಿ ಬ್ರೇಕ್ ಹಿಡಿದು ನೋಡಿದ ಮೇಲೆ ‘ಡೇಂಜರ್’ ಎಂಬ ಪಾಠಾಂತರವೇ ಸಾಧುವೆಂದು ನನ್ನ ಅಭಿಪ್ರಾಯ; ರಬ್ಬರು ಕಲ್ಲಾಗಿತ್ತು.

ಪ್ರಕ್ಷೇಪಗಳಿಗೆ ಲೆಕ್ಕವಿಲ್ಲ. ಹಾಲಿನ ಕ್ಯಾನಿಗೆಂದು ಬೆಸೆದ ಕೊಕ್ಕೆ, ಸೀಟಿಗೆ ಸುತ್ತಿದ ಗೊಬ್ಬರದ ಚೀಲ, ಎಡಕ್ಕೆ ಇನ್ಯಾವುದೋ ಸೈಕಲ್ಲಿನ ಪೆಡಲು. ಎಲ್ಲವನ್ನೂ ಲಿಪಿಕಾರನ ತಲೆಗೆ ಕಟ್ಟುವಂತಿಲ್ಲ. ಮುಂದಿನ ಸ್ಪ್ರಿಂಗ್ ಫೋರ್ಕು ಮೂಲಕವಿಯದೇ, ಆದರೆ ಶುದ್ಧ ಕಳಪೆ ಪದ್ಯ. ಏರಿನಲ್ಲಿ ಎದ್ದುನಿಂತು ತುಳಿದರೆ ಕಾಲಿನ ಬಲವನ್ನೆಲ್ಲ ತಾನೇ ನುಂಗಿ ಕುಣಿಯುತ್ತದೆ. ಅದನ್ನು ಕಿತ್ತು ಸಾದಾ ಫೋರ್ಕು ಹಾಕಿಸಿದೆ.

ಇಲ್ಲಿ ಪೂರ್ವಪಕ್ಷ ಏಳುತ್ತದೆ: ಸಂಪಾದಕನು ಮೂಲಪಾಠವನ್ನು ಮುಟ್ಟಬಹುದೆ? ಉತ್ತರಕ್ಕೆ ಕ್ಯಾಲಿಫೋರ್ನಿಯಾದ ಮರಿನ್ ಕೌಂಟಿಗೆ ಹೋಗಬೇಕು. ಅಲ್ಲಿನ ಹುಡುಗರು 1930–40ರ ದಶಕದ ದಪ್ಪ ಟಯರಿನ ಹಳೇ ಸೈಕಲ್ಲುಗಳನ್ನು ಹುಡುಕಿ ತಂದು, ಬಿಚ್ಚಿ ಕಟ್ಟಿ, ಬೆಟ್ಟದ ಮಣ್ಣುದಾರಿಯಲ್ಲಿ ಇಳಿಸುತ್ತಿದ್ದರು. ಇಳಿಯುವಷ್ಟರಲ್ಲಿ ಹಿಂದಿನ ಹಬ್ಬಿನ ಬ್ರೇಕು ಕಾದು ಗ್ರೀಸೆಲ್ಲ ಹೊಗೆಯಾಗುತ್ತಿತ್ತು. ಪ್ರತಿ ಸಲವೂ ಹೊಸದಾಗಿ ತುಂಬಬೇಕು. ಆ ಓಟಕ್ಕೆ ‘ರೀಪ್ಯಾಕ್’ ಎಂಬ ಹೆಸರು ಬಂದದ್ದು ಹಾಗೆ. ಮೊದಲ ಓಟ ನಡೆದದ್ದು 1976ರ ಅಕ್ಟೋಬರ್ 21ರಂದು. ಕೊಡಗಿನಲ್ಲಿ ತುಲಾ ಸಂಕ್ರಮಣದ ತೀರ್ಥೋದ್ಭವ ಕಳೆದು ವಾರವೂ ತುಂಬಿರಲಿಲ್ಲ. ಕೊಡಗಿನ ಪ್ರಭಾವಕ್ಕೆ ಇನ್ನೇನು ಆಧಾರ ಬೇಕು? ಅದಿರಲಿ, ಸಿದ್ಧವಾಗುವುದಿಷ್ಟು: ಮೌಂಟನ್ ಬೈಕಿನ ಮೂಲಪಾಠವೇ ಗುಜರಿ. ಶೆಡ್ಡಿನಿಂದ ಎತ್ತಿ ತಂದು ಕೈಗೆ ಸಿಕ್ಕಿದ್ದನ್ನು ಹಾಕಿದವನೇ ಪರಂಪರೆಗೆ ನಿಷ್ಠ.

ಇನ್ನು ಪ್ರಕ್ರಿಯೆ. ಸೈಕಲ್ ಶಾಪುಗಳಲ್ಲಿ ಇದಕ್ಕೆ ‘ಓವರಾಯಿಲ್’ ಎಂದು ಹೆಸರು. ಇಂಗ್ಲಿಷಿನ ‘ಓವರ್‌ಹಾಲ್’ ಇದರ ಅಪಭ್ರಂಶವಾಗಿರಬೇಕು. ಎಲ್ಲ ಬಿಚ್ಚಿ, ಸೀಮೆಎಣ್ಣೆಯಲ್ಲಿ ತೊಳೆದು, ಗುಂಡುಗಳಿಗೆ ಗ್ರೀಸು ಮೆತ್ತಿ, ಮತ್ತೆ ಮೇಲಿಂದ ಎಣ್ಣೆ ಬಿಡುವಾಗ ಎಣ್ಣೆ ನಿಜಕ್ಕೂ ಓವರ್ರೇ. ಚೈನಿನ ಒಂದೊಂದು ಕೊಂಡಿಯೂ ಅರ್ಧ ಇಂಚು, 24 ಕೊಂಡಿಗೆ 12 ಇಂಚು. ನನ್ನದು ಕಾಲು ಇಂಚು ಹೆಚ್ಚು ಬಂತು. ಛಂದಸ್ಸಿನಲ್ಲಿ ನಾವು ಮಾತ್ರೆ ಹೆಚ್ಚಾಗಿದೆ ಎನ್ನುತ್ತೇವೆ. ಶಾಪಿನ ಅಣ್ಣ, “ಚೈನು ಎಳೆದಿದೆ ಸಾರ್, ಹಲ್ಲೂ ತಿಂದಿದೆ, ಫ್ರೀವೀಲೂ ಬದಲಾಯಿಸಿ” ಎಂದು ಭಾಷ್ಯ ಬರೆದ.

ಎಡ ಪೆಡಲಿನ ತಿರುಪು ತಿರುಗುಮುರುಗು ಎಂಬ ಅಪವಾದಸೂತ್ರವನ್ನು ಅಣ್ಣ ಹೇಳಿದ್ದು ನಾನು ಅರ್ಧ ಗಂಟೆ ಅದನ್ನು ಬಿಗಿ ಮಾಡಿದ ಮೇಲೆ.

ಹ್ಯಾಂಡಲಿನ ತುಕ್ಕಿಗೆ ಹುಳಿ ಮದ್ದೆಂದು ಎಲ್ಲೋ ಓದಿದ್ದೆ. ಕೊಡಗಿನಲ್ಲಿ ಕಾಚಂಪುಳಿಗಿಂತ ಹುಳಿ ಯಾವುದು? ಬಟ್ಟೆಯನ್ನು ಅದರಲ್ಲಿ ಅದ್ದಿ ರಾತ್ರಿಯಿಡೀ ಸುತ್ತಿಟ್ಟೆ. ತುಕ್ಕು ಹೋದದ್ದು ನಿಜ. ಸೀಸೆ ಅರ್ಧ ಖಾಲಿಯಾದದ್ದು ಭಾನುವಾರ ಪಂದಿಕರಿಗೆ ಇಟ್ಟ ಮೇಲೆ ಮನೆಯವಳಿಗೆ ತಿಳಿಯಿತು. ಆ ಚರ್ಚೆಯನ್ನು ಸ್ಥಳಾಭಾವದಿಂದ ಇಲ್ಲಿ ಕೊಟ್ಟಿಲ್ಲ.

ಗೇರು ಹದಿನೆಂಟು. ಮಡಿಕೇರಿಯಲ್ಲಿ ಬಳಕೆಗೆ ಬರುವುದು ಎರಡೇ, ಏರಿನದೊಂದು ಇಳಿಜಾರಿನದೊಂದು. ಸಪಾಟು ಎಂಬ ಮೂರನೆಯ ಪ್ರಕಾರ ಈ ಊರಿನಲ್ಲಿ ನನಗೆ ಸಿಕ್ಕಿಲ್ಲ. ಮುಂದೆ 28, ಹಿಂದೆ 28 ಹಲ್ಲಿಟ್ಟೆ. ಕಾಲು ಒಂದು ಸುತ್ತು ತುಳಿದರೆ ಚಕ್ರವೂ ಒಂದೇ ಸುತ್ತು; ಇದು ತುಳಿತ–ಸುತ್ತುಗಳ ಅದ್ವೈತ.

ಸೆಪ್ಟೆಂಬರ್ 3, ಕೊಡವರ ಹಬ್ಬ ಕೈಲ್‌ಪೊಳ್ದ್. ಪಕ್ಕದ ಮನೆಯಲ್ಲಿ ಕೋವಿಗಳಿಗೆ ತೋಕ್‌ಪೂ ಮುಡಿಸಿ ಪೂಜೆಗಿಟ್ಟಿದ್ದರು. ಒಂದು ಹೂ ಕೇಳಿ ತಂದು ಹ್ಯಾಂಡಲಿಗೆ ಸಿಕ್ಕಿಸಿ ಗಾಳಿಬೀಡು ರಸ್ತೆಗೆ ಇಳಿದೆ. ಮಳೆ ಹೊಳವಾಗಿತ್ತು. ಒದ್ದೆ ಮಣ್ಣು, ಏಲಕ್ಕಿ ಗಿಡಗಳ ತಂಪು, ಚೈನಿನದೊಂದು ಸಣ್ಣ ಜಿರ್ರೆನ್ನುವ ಸದ್ದು. ಎರಡು ತಿರುವು ದಾಟುವವರೆಗೆ ಅಡಿಟಿಪ್ಪಣಿ ಒಂದೂ ಹೊಳೆಯಲಿಲ್ಲ. ಸಂಶೋಧಕನಿಗೆ ಇದು ಒಳ್ಳೆಯ ಲಕ್ಷಣವಲ್ಲ. ಮೂರನೆಯ ತಿರುವಿನಲ್ಲಿ ನಾಯಿಯೊಂದು ಬೆನ್ನುಹತ್ತಿತು. ಅದು ಬೊಗಳಿದ್ದು ನನಗಲ್ಲ, ಹ್ಯಾಂಡಲಿನ ಕಾಚಂಪುಳಿ ವಾಸನೆಗೆ ಎಂದು ಊಹಿಸಿದ್ದೇನೆ.

ಎರಡನೆಯ ಪರಿಷ್ಕರಣದ ಕೆಲಸ ನಡೆದಿದೆ. ಯಾರದಾದರೂ ತೋಟದ ಶೆಡ್ಡಿನಲ್ಲಿ ಇದೇ ಸೈಕಲ್ಲಿನ ಬೇರೆ ಪ್ರತಿ ಇದ್ದರೆ ದಯವಿಟ್ಟು ತಿಳಿಸಿ. ಎಡ ಪೆಡಲು ಮಾತ್ರ ಸಾಕು. ಜೊತೆಗೆ ಒಂದು ಸೀಸೆ ಕಾಚಂಪುಳಿಯನ್ನೂ ಕಳಿಸಿದರೆ ಮನೆಯ ಬಾಗಿಲು ನನಗೆ ತೆರೆದೀತು.